ಎಲೆಯ ಆಕಾರ ಮತ್ತು ಜೀವಕೋಶ: ಒಂದು ವಿವಾದದ ಚರಿತ್ರೆ

ಕನ್ನಡದ ಪ್ರಾಚೀನ ಕೃತಿಗಳಲ್ಲಿ ಬಹುಪಾಲು ನಮ್ಮ ಕೈಸೇರಿರುವುದು ಓಲೆಗರಿಗಳ ಮೂಲಕ. ಹಸ್ತಪ್ರತಿಗಳೊಡನೆ ಕೆಲಸಮಾಡುವ ಸಂಶೋಧಕರಿಗೆ ಗರಿಯ ಉದ್ದಗಲ, ಒಂದು ಪುಟದಲ್ಲಿನ ಪಂಕ್ತಿಗಳ ಸಂಖ್ಯೆ, ದಾರ ಪೋಣಿಸುವ ರಂಧ್ರದ ಸ್ಥಾನ ಇವೆಲ್ಲ ಚಿರಪರಿಚಿತ. ಆದರೆ ಕಂಠದ ಮೊನೆಗೆ ಒದಗುವ ಆ ನೀಳವಾದ ಸಮತಟ್ಟು ಪಟ್ಟಿ ಮರದ ಸುಳಿಯೊಳಗೆ ಹೇಗೆ ರೂಪುಗೊಳ್ಳುತ್ತದೆ ಎಂಬ ಪ್ರಶ್ನೆ ಸಸ್ಯವಿಜ್ಞಾನಿಗಳ ನಡುವೆ ಹತ್ತೊಂಬತ್ತನೆಯ ಶತಮಾನದಿಂದ 1982ರವರೆಗೂ ವಾದಕ್ಕೆ ವಸ್ತುವಾಗಿತ್ತೆಂಬುದು ನಮ್ಮಲ್ಲಿ ಅಷ್ಟಾಗಿ ತಿಳಿದ ಸಂಗತಿಯಲ್ಲ. ಆ ವಾದದ ಒಂದು ಮುಖ್ಯ ಘಟ್ಟ ನಡೆದುದು ದೆಹಲಿಯಿಂದ ಹೊರಡುತ್ತಿದ್ದ ಒಂದು ಪತ್ರಿಕೆಯ ಪುಟಗಳಲ್ಲಿ. ಮದರಾಸಿನಲ್ಲಿದ್ದ ಒಬ್ಬ ಕನ್ನಡ ಲೇಖಕರ ವೈಜ್ಞಾನಿಕ ಕೆಲಸವೂ ಅದಕ್ಕೆ ಹತ್ತಿರದ್ದು. ಹೊರನಾಡಿನ ಕನ್ನಡ ಸಂಶೋಧಕರು ಈ ಚರಿತ್ರೆಯನ್ನು ತಮ್ಮದೆಂದು ಓದಿಕೊಳ್ಳಲು ಇಷ್ಟು ಕಾರಣ ಸಾಕೆಂದು ನಾವು ಭಾವಿಸುತ್ತೇವೆ.

ತಾಳೆಗರಿಯ ಪ್ರಶ್ನೆ ಅದಕ್ಕಿಂತ ದೊಡ್ಡದೊಂದು ಪ್ರಶ್ನೆಯ ಭಾಗ. ಎಲೆಯೊಂದು ಲಕ್ಷಾಂತರ ಜೀವಕೋಶಗಳಿಂದ ಆದದ್ದು. ಹಾಗಾದರೆ ಎಲೆಯ ಆಕಾರವನ್ನು ತೀರ್ಮಾನಿಸುವುದು ಆ ಕೋಶಗಳು ಎಷ್ಟು ಬಾರಿ, ಯಾವ ದಿಕ್ಕಿಗೆ ವಿಭಜನೆಗೊಳ್ಳುತ್ತವೆ ಎಂಬುದೋ? ಅಥವಾ ಎಲೆ ಒಟ್ಟಾಗಿ ಬೆಳೆಯುತ್ತ ಹೋದಂತೆ ಕೋಶಗಳು ಅದರೊಳಗೆ ಹುಟ್ಟಿಕೊಳ್ಳುವ ವಿಭಾಗಗಳಷ್ಟೇ ಆಗಿವೆಯೋ? ಕೋಶವಿಭಜನೆಯು ಬೆಳವಣಿಗೆಯ ಕಾರಣವೋ ಪರಿಣಾಮವೋ ಎಂದು ಇದನ್ನೇ ಸಂಕ್ಷೇಪವಾಗಿ ಕೇಳಬಹುದು.

ಜೀವಕೋಶದ ಸಿದ್ಧಾಂತ ಹುಟ್ಟುವುದಕ್ಕೆ ಒಂದು ಶತಮಾನ ಮೊದಲೇ ಎಲೆಯ ಬೆಳವಣಿಗೆಯನ್ನು ಅಳೆದವನೊಬ್ಬನಿದ್ದ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ 1727ರಲ್ಲಿ ಪ್ರಕಟಿಸಿದ ‘ವೆಜಿಟೆಬಲ್ ಸ್ಟ್ಯಾಟಿಕ್ಸ್’ ಗ್ರಂಥದಲ್ಲಿ ತನ್ನ ಉಪಕರಣವನ್ನು ವಿವರಿಸಿದ್ದಾನೆ. ಓಕ್ ಮರದ ಸಣ್ಣ ಹಲಗೆಯಲ್ಲಿ 25 ಗುಂಡುಸೂಜಿಗಳನ್ನು ಕಾಲು ಅಂಗುಲದ ಅಂತರದಲ್ಲಿ ಚೌಕಾಕಾರವಾಗಿ ನೆಟ್ಟು, ಅವುಗಳ ಮೊನೆಯನ್ನು ಕೆಂಪು ಸೀಸದಲ್ಲಿ ಅದ್ದಿ, ಅಂಜೂರದ ಎಳೆಯ ಎಲೆಗೆ ಒತ್ತಿದನು. ಎಲೆ ಬಲಿತಾಗ ಚುಕ್ಕೆಗಳ ನಡುವಣ ಅಂತರಗಳೆಲ್ಲ ಹಿಗ್ಗಿದ್ದವು. ಎಲೆ ಉಗುರಿನಂತೆ ಒಂದು ಕೊನೆಯಿಂದ ಹೊರಚಾಚುವ ವಸ್ತುವಲ್ಲ, ಅದು ಮೈಯೆಲ್ಲ ಹಿಗ್ಗುವ ವಸ್ತು ಎಂಬುದು ಇದರಿಂದ ಕಣ್ಣಿಗೆ ಬಿತ್ತು. ಮುಂದಿನ ಮುನ್ನೂರು ವರ್ಷಗಳ ಸಂಶೋಧನೆಯಲ್ಲಿ ಉಪಕರಣಗಳು ಬದಲಾದವು. ಚುಕ್ಕೆಯಿಟ್ಟು ಕಾಯುವ ವಿಧಾನ ಮಾತ್ರ ಬದಲಾಗಲಿಲ್ಲ. ಈ ಚರಿತ್ರೆಯಲ್ಲಿ ಹೇಲ್ಸನಿಗೆ ಸಲ್ಲಬೇಕಾದ ಗೌರವ ಸಂದಿಲ್ಲವೆಂದೇ ನಮ್ಮ ಎಣಿಕೆ.

ಎಲೆ ಮೊದಲು ಹುಟ್ಟುವುದು ಎಲ್ಲಿ ಎಂಬುದು ಬೇರೆ ಪ್ರಶ್ನೆ. ಆ ಕಾಲದಲ್ಲಿ ಅನೇಕರು ನಂಬಿದ್ದಂತೆ ಜೀವಿಯ ಅಂಗಗಳೆಲ್ಲ ಬೀಜದಲ್ಲಿ ಸೂಕ್ಷ್ಮರೂಪದಲ್ಲಿ ಮೊದಲೇ ಇದ್ದು, ಬೆಳವಣಿಗೆಯೆಂದರೆ ಅವು ಬಿಚ್ಚಿಕೊಳ್ಳುವುದಷ್ಟೆ. 1759ರಲ್ಲಿ ಹಾಲೆ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಕಾಸ್ಪರ್ ಫ್ರೆಡ್ರಿಕ್ ವುಲ್ಫ್ ಇದನ್ನು ನಿರಾಕರಿಸಿದನು. ಗಿಡದ ಬೆಳೆಯುವ ತುದಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಅಲ್ಲಿ ಮಡಿಸಿಟ್ಟ ಪುಟ್ಟ ಎಲೆಗಳಿರಲಿಲ್ಲ. ಆಕಾರವಿಲ್ಲದ ಮೃದುವಾದ ಒಂದು ಗುಬ್ಬಿಯಿತ್ತು, ಅದರ ಪಕ್ಕದಿಂದ ಹೊಸ ಎಲೆ ಉಬ್ಬಿನಂತೆ ಮೂಡುತ್ತಿತ್ತು. 1790ರಲ್ಲಿ ಕವಿ ಗಯಟೆ ಸಸ್ಯಗಳ ರೂಪಾಂತರವನ್ನು ಕುರಿತ ತನ್ನ ಪ್ರಬಂಧದಲ್ಲಿ ಹೂವಿನ ಅಂಗಗಳನ್ನೂ ಎಲೆಯ ರೂಪಾಂತರಗಳೆಂದು ಪ್ರತಿಪಾದಿಸಿದನು. ಈ ಮಾತಿಗೆ ನಾವು ಮದರಾಸಿನಲ್ಲಿ ಮತ್ತೆ ಮರಳಬೇಕಾಗುತ್ತದೆ.

1838ರಲ್ಲಿ ಷ್ಲೈಡನ್ ಸಸ್ಯಗಳಿಗೂ 1839ರಲ್ಲಿ ಶ್ವಾನ್ ಪ್ರಾಣಿಗಳಿಗೂ ಅನ್ವಯಿಸಿ ಕೋಶಸಿದ್ಧಾಂತವನ್ನು ಮುಂದಿಟ್ಟ ಮೇಲೆ ಚರ್ಚೆಯ ಭಾಷೆಯೇ ಬದಲಾಯಿತು. ಗಿಡವೆಂಬುದು ಕೋಶಗಳ ಒಕ್ಕೂಟ, ಪ್ರತಿ ಕೋಶವೂ ಒಂದು ಸ್ವತಂತ್ರ ಜೀವ ಎಂಬ ಭಾವನೆ ಬಲಗೊಂಡಿತು. ನೇಗೆಲಿ ಪಾಚಿ, ಹಾವಸೆಗಳ ಬೆಳೆಯುವ ತುದಿಯಲ್ಲಿರುವ ಒಂದೇ ಕೋಶ ಎಷ್ಟು ನಿಯತವಾಗಿ ಸೀಳುತ್ತ ಹೋಗುತ್ತದೆಂಬುದನ್ನು ಗುರುತಿಸಿ, ಇಡೀ ಅಂಗದ ವಂಶಾವಳಿಯನ್ನೇ ಬರೆದಿಟ್ಟನು. ಒಂದು ಕೋಶದ ಸಂತತಿಯನ್ನು ಎಣಿಸಿದರೆ ಆಕಾರದ ರಹಸ್ಯ ಬಯಲಾದೀತೆಂಬ ಆಸೆ ಇದರಿಂದ ಸಹಜವಾಗಿಯೇ ಮೂಡಿತು.

ಹೂಬಿಡುವ ಗಿಡಗಳಲ್ಲಿ ಅಂಥ ನಿಯತವಾದ ವಂಶಾವಳಿ ಕಾಣಲಿಲ್ಲ. 1860ರ ದಶಕದಲ್ಲಿ ಹಾಫ್‌ಮೈಸ್ಟರ್ ವಾದವನ್ನು ತಲೆಕೆಳಗು ಮಾಡಿದನು. ಅವನ ಪ್ರಕಾರ ಮೊದಲು ನಡೆಯುವುದು ಅಂಗದ ಬೆಳವಣಿಗೆ. ಕೋಶ ಯಾವ ದಿಕ್ಕಿಗೆ ಹೆಚ್ಚು ಬೆಳೆದಿದೆಯೋ ಆ ದಿಕ್ಕಿಗೆ ಅಡ್ಡಲಾಗಿ ಹೊಸ ಗೋಡೆ ಬೀಳುತ್ತದೆ. ವ್ಯೂರ್ಟ್ಸ್‌ಬರ್ಗಿನ ಜೂಲಿಯಸ್ ಸಾಕ್ಸ್ 1870ರ ದಶಕದಲ್ಲಿ ಇದನ್ನು ಜ್ಯಾಮಿತಿಯ ನಿಯಮಗಳಾಗಿ ಬೆಳೆಸಿದನು: ಕೋಶ ಸಮಭಾಗವಾಗಿ ಸೀಳುತ್ತದೆ, ಹೊಸ ಗೋಡೆ ಹಳೆಯದನ್ನು ಲಂಬಕೋನದಲ್ಲಿ ಸಂಧಿಸುತ್ತದೆ. ಅಂದರೆ ಗೋಡೆಗಳ ವಿನ್ಯಾಸವು ಅಂಗದ ಆಕಾರವನ್ನು ಅನುಸರಿಸುತ್ತದೆಯೇ ಹೊರತು ಅದನ್ನು ಸೃಷ್ಟಿಸುವುದಿಲ್ಲ. 1879ರಲ್ಲಿ ಡಿ ಬಾರಿ, ಕೋಶಗಳನ್ನು ಉಂಟುಮಾಡುವುದು ಗಿಡವೇ ಆಗಿದೆ, ಕೋಶಗಳನ್ನು ಗಿಡದ ಕರ್ತೃಗಳೆಂದು ಭಾವಿಸಬಾರದು ಎಂಬ ಅರ್ಥದ ಮಾತಿನಲ್ಲಿ ಈ ನಿಲುವನ್ನು ಹಿಡಿದಿಟ್ಟನು.

ಇಲ್ಲಿ ಕನ್ನಡಕ್ಕೆ ಸಂಬಂಧಿಸಿದ ಒಂದು ಮಾತನ್ನು ಹೇಳಬೇಕು. ಜೀವಕೋಶವೆಂಬುದು ದೇಹವೆಂಬ ಕಟ್ಟಡದ ಇಟ್ಟಿಗೆ ಎಂದು ಶಾಲೆಯ ಪಾಠಗಳಲ್ಲಿ ಹೇಳಿಕೊಡುವ ರೂಢಿಯಿದೆ. ಈ ಹೋಲಿಕೆ ವಿವಾದದಲ್ಲಿ ಒಂದು ಪಕ್ಷವನ್ನು ಮೊದಲೇ ವಹಿಸಿಬಿಡುತ್ತದೆ. ಗೌಂಡಿ ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಗೋಡೆ ಎಬ್ಬಿಸುತ್ತಾನೆ. ಇಟ್ಟಿಗೆ ಮೊದಲು, ಗೋಡೆ ಆಮೇಲೆ. ಗಿಡದಲ್ಲಿ ಹಾಗಲ್ಲ. ಅಲ್ಲಿ ಮನೆಯೇ ಹಿಗ್ಗುತ್ತದೆ, ಕೋಣೆ ದೊಡ್ಡದಾದಂತೆ ನಡುವೆ ಅಡ್ಡಗೋಡೆ ಬೀಳುತ್ತದೆ. ಪ್ರಾಣಿಗಳ ಭ್ರೂಣದಲ್ಲಿ ಕೋಶಗಳು ಸ್ಥಳಾಂತರಗೊಳ್ಳಬಲ್ಲವು. ಗಿಡದಲ್ಲಿ ನೆರೆಯ ಕೋಶಗಳ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಹುಟ್ಟಿದ ನೆರೆಯನ್ನು ಬಿಟ್ಟು ಅವು ಸರಿಯಲಾರವು. ಈ ದೃಷ್ಟಿಯಿಂದ ‘ಕೋಶ’ವೆಂಬ ನಮ್ಮ ಪದವೇ ಇಟ್ಟಿಗೆಯ ಹೋಲಿಕೆಗಿಂತ ಮೇಲು, ಅದರಲ್ಲಿ ಕಟ್ಟುವ ಭಾವವಿಲ್ಲ, ಒಳಗಿಟ್ಟುಕೊಳ್ಳುವ ಭಾವವಿದೆ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಡಾರ್ಸಿ ಥಾಮ್ಸನ್ನನ ‘ಆನ್ ಗ್ರೋತ್ ಅಂಡ್ ಫಾರ್ಮ್’ (1917) ಆಕಾರವನ್ನು ಗಣಿತದ ವಿಷಯವಾಗಿಸಿತು. 1933ರಲ್ಲಿ ಜಾರ್ಜ್ ಏವರಿ ಹೊಗೆಸೊಪ್ಪಿನ ಎಲೆಯ ಮೇಲೆ ಮಸಿಯಿಂದ ಚೌಕಗಳನ್ನು ಗುರುತಿಸಿ ಹೇಲ್ಸನ ಪ್ರಯೋಗವನ್ನು ಹೊಸದಾಗಿ ಮಾಡಿದನು. ಚೌಕಗಳು ಚೌಕಗಳಾಗಿ ಉಳಿಯಲಿಲ್ಲ. ಎಲೆಯ ತುದಿ ಬೇಗ ಬಲಿತು ನಿಂತಿತು, ಬುಡ ಬಹುಕಾಲ ಬೆಳೆಯುತ್ತಲೇ ಇತ್ತು. ಎಲೆಯ ಆಕಾರವೆಂಬುದು ಅದರ ಭಾಗಗಳು ಒಂದೇ ವೇಗದಲ್ಲಿ, ಒಂದೇ ಕಾಲದವರೆಗೆ ಬೆಳೆಯದಿರುವುದರ ಫಲ ಎಂಬುದು ಇದರಿಂದ ಸ್ಪಷ್ಟವಾಯಿತು.

ಈಗ ದೆಹಲಿಗೆ ಬರೋಣ. ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಸಸ್ಯಭ್ರೂಣಶಾಸ್ತ್ರದ ದೊಡ್ಡ ಪರಂಪರೆಯನ್ನು ಬೆಳೆಸಿದ ಪಂಚಾನನ ಮಹೇಶ್ವರಿಯವರು 1951ರಲ್ಲಿ ‘ಫೈಟೋಮಾರ್ಫಾಲಜಿ’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯನ್ನು ಆರಂಭಿಸಿದರು. ಸಸ್ಯಗಳ ಆಕಾರವನ್ನು ಕುರಿತ ಜಗತ್ತಿನ ಕೆಲವು ಮುಖ್ಯ ಪ್ರಬಂಧಗಳು ಮುಂದಿನ ಎರಡು ದಶಕಗಳಲ್ಲಿ ಇಲ್ಲಿ ಬೆಳಕು ಕಂಡವು. ಅವುಗಳಲ್ಲೊಂದು ಇಯಾನ್ ಸಸೆಕ್ಸ್ 1955ರಲ್ಲಿ ಬರೆದುದು. ಆಲೂಗೆಡ್ಡೆಯ ಕುಡಿಯಲ್ಲಿ ಎಲೆ ಇನ್ನು ಮೂಡಬೇಕಿರುವ ತಾಣವನ್ನೂ ಬೆಳೆಯುವ ತುದಿಯನ್ನೂ ಸೂಕ್ಷ್ಮವಾದ ಅಲಗಿನಿಂದ ಕೊಯ್ದು ಬೇರ್ಪಡಿಸಿದಾಗ, ಆ ತಾಣದಿಂದ ಎಲೆಯ ಬದಲು ಕಡ್ಡಿಯಂಥದೊಂದು ಬೆಳೆಯಿತು. ಅದಕ್ಕೆ ಮೇಲ್ಮೈ ಕೆಳಮೈ ಎಂಬ ಭೇದವಿರಲಿಲ್ಲ, ಅಗಲವೂ ಇರಲಿಲ್ಲ. 1951ರಲ್ಲಿಯೇ ಸಂಕ್ಷಿಪ್ತವಾಗಿ ಪ್ರಕಟಿಸಿದ್ದ ಈ ಫಲಿತಾಂಶವನ್ನು ಸಸೆಕ್ಸ್ ದೆಹಲಿಯ ಪತ್ರಿಕೆಯಲ್ಲಿ ವಿಸ್ತರಿಸಿದನು. ಎಲೆ ಚಪ್ಪಟೆಯಾಗಲು ಬೆಳೆಯುವ ತುದಿಯಿಂದ ಏನೋ ಸೂಚನೆ ಬರಬೇಕೆಂದು ಇದರಿಂದ ಊಹಿಸಬೇಕಾಯಿತು. ಐವತ್ತು ವರ್ಷಗಳ ಅನಂತರ, 2005ರಲ್ಲಿ, ಟೊಮೇಟೊ ಗಿಡದ ಮೇಲೆ ಲೇಸರ್ ಕಿರಣದಿಂದ ನಡೆಸಿದ ಪ್ರಯೋಗಗಳು ಸಸೆಕ್ಸನ ತೀರ್ಮಾನವನ್ನು ಸಮರ್ಥಿಸಿದವು.

ತಾಳೆಯ ಎಲೆಯ ವಿಷಯವೂ ಇದೇ ಪತ್ರಿಕೆಯಲ್ಲಿ ಬಂತು. 1953ರಲ್ಲಿ ಅಮೆರಿಕದ ಆರ್ಥರ್ ಈಮ್ಸ್, ತಾಳೆಯ ಎಲೆಯ ರಚನೆಯನ್ನು ವಿಜ್ಞಾನಿಗಳು ಕಡೆಗಣಿಸಿದ್ದಾರೆಂದು ಆಕ್ಷೇಪಿಸಿ ಅದನ್ನು ಚರ್ಚೆಗೆ ತಂದನು. 1957ರಲ್ಲಿ ವೆಂಕಟನಾರಾಯಣ ತೆಂಗಿನ ಎಲೆಯ ಬೆಳವಣಿಗೆಯನ್ನು ಕುರಿತು ಬರೆದರು. 1962ರಿಂದ ಕೆ. ಪೆರಿಯಸಾಮಿ ತಾಳೆಯ ಕುಟುಂಬದ ಎಲೆಗಳಲ್ಲಿ ನಿರಿಗೆ ಹೇಗೆ ಮೂಡುತ್ತದೆಂಬ ಬಗ್ಗೆ ಪ್ರಬಂಧಮಾಲೆಯನ್ನು ಪ್ರಕಟಿಸಿದರು.

ಸಮಸ್ಯೆಯ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಬೇವಿನಲ್ಲಿ ಎಲೆಯ ಅಂಚಿನ ಬೆಳವಣಿಗೆಯಿಂದ ಕಿರುಎಲೆಗಳು ಉಂಟಾಗುತ್ತವೆ. ಬೇವಿನ ಕಿರುಎಲೆ ಮೊದಲಿನಿಂದಲೂ ಬೇರೆಯಾದ ಒಂದು ಮೊಳಕೆ. ತೆಂಗಿನ ಗರಿ ಹಾಗಲ್ಲ. ಸುಳಿಯ ಒಳಗೆ ಅದರ ಎಲೆ ಮೊದಲು ಅಖಂಡವಾದ ಒಂದು ಹಾಳೆ. ಆ ಹಾಳೆಯಲ್ಲಿ ನಿರಿಗೆಗಳು ಮೂಡುತ್ತವೆ. ಕೊನೆಗೆ ನಿರಿಗೆಯ ಗೆರೆಗಳಗುಂಟ ಹಾಳೆ ಬಿರಿದು ಗರಿಗಳು ಬೇರ್ಪಡುತ್ತವೆ. ತೆಂಗು, ಅಡಕೆಗಳ ಗರಿಯನ್ನು ಅಡ್ಡಲಾಗಿ ಕೊಯ್ದರೆ ಅದು ಮನೆಯ ಮಾಡಿನಂತೆ ಕೆಳಮುಖವಾಗಿ ಬಾಗಿರುತ್ತದೆ. ಈಚಲು, ತಾಳೆ, ಶ್ರೀತಾಳೆಗಳಲ್ಲಿ ನೀರಿನ ದೋಣಿಯಂತೆ ಮೇಲ್ಮುಖವಾಗಿರುತ್ತದೆ. ನಿರಿಗೆಯ ಮೇಲಿನ ಮಡಿಕೆಯಲ್ಲಿ ಬಿರಿಯಿತೋ ಕೆಳಗಿನ ಮಡಿಕೆಯಲ್ಲಿ ಬಿರಿಯಿತೋ ಎಂಬುದರ ಗುರುತು ಇದು. ಲಿಪಿಕಾರ ನಡುಗಡ್ಡಿಯನ್ನು ತೆಗೆದು ಉಳಿಸಿಕೊಂಡ ಪಟ್ಟಿಯೆಂದರೆ ಎರಡು ಮಡಿಕೆಗಳ ನಡುವಣ ಒಂದು ಗೋಡೆ.

ನಿರಿಗೆ ಮೂಡುವುದು ಹೇಗೆ? ಒಂದು ಪಕ್ಷದವರು, ಗಟ್ಟಿಯಾದ ಅಂಗಾಂಶದ ಒಳಗೆ ಮೇಲಿನಿಂದಲೂ ಕೆಳಗಿನಿಂದಲೂ ಸೀಳುಗಳು ಬಿದ್ದು ನಿರಿಗೆಯ ರೂಪ ಬರುತ್ತದೆಂದರು. ಇದು ನಿಜವಾದರೆ ತಾಳೆಯ ಎಲೆ ಬೇರೆಲ್ಲ ಎಲೆಗಳಿಂದ ಮೂಲದಲ್ಲೇ ಭಿನ್ನ. ಅದು ಬೆಳೆದು ಆದದ್ದಲ್ಲ, ಕೆತ್ತಿ ಆದದ್ದು. ಇನ್ನೊಂದು ಪಕ್ಷದವರು, ಹಾಳೆಯ ಕೆಲವು ಗೆರೆಗಳಲ್ಲಿ ಬೆಳವಣಿಗೆ ಹೆಚ್ಚಾಗಿ, ಸುತ್ತಲಿನ ಭಾಗ ಜಾಗ ಬಿಡದ ಕಾರಣ ಹಾಳೆ ಮಡಿಚಿಕೊಳ್ಳುತ್ತದೆಂದರು. ಎರಡೂ ಪಕ್ಷದವರ ಬಳಿ ಇದ್ದುದು ಮೈಕ್ರೋಟೋಮಿನಿಂದ ತೆಗೆದ ತೆಳುವಾದ ಕೊಯ್ತಗಳು. ನಿರಿಗೆಯ ಎರಡು ಕೊನೆಗಳೂ ಹಾಳೆಯ ಅಖಂಡ ಭಾಗದಲ್ಲಿ ಮುಗಿಯುವುದರಿಂದ, ಕೊಯ್ತ ಸ್ವಲ್ಪ ಓರೆಯಾದರೂ ತೆರೆದ ಮಡಿಕೆ ಮುಚ್ಚಿದ ಬಿರುಕಿನಂತೆ ಕಾಣುತ್ತದೆ. ಈ ವಿವಾದ ಇಷ್ಟು ದೀರ್ಘವಾದುದಕ್ಕೆ ಇದು ಒಂದು ಕಾರಣವಾದರೆ, ಒಂದೇ ಎಲೆಯಲ್ಲಿ ಮೊದಲು ಮಡಿಚುವುದೂ ಆಮೇಲೆ ಬಿರಿಯುವುದೂ ಎರಡೂ ನಡೆಯುವುದು ಮತ್ತೊಂದು.

1982ರಲ್ಲಿ ಬರ್ಕ್ಲಿಯ ಡೊನಾಲ್ಡ್ ಕ್ಯಾಪ್ಲನ್, ಟೊರಾಂಟೊದ ನ್ಯಾನ್ಸಿ ಡೆಂಗ್ಲರ್ ಮತ್ತು ರೊನಾಲ್ಡ್ ಡೆಂಗ್ಲರ್ ಒಟ್ಟಾಗಿ ಪ್ರಕಟಿಸಿದ ಮೂರು ಪ್ರಬಂಧಗಳು ಪ್ರಶ್ನೆಯನ್ನು ಇತ್ಯರ್ಥಗೊಳಿಸಿದವು. ಅವರು ಆರಿಸಿಕೊಂಡ ಗಿಡಗಳಲ್ಲೊಂದು ಇಂದು ನಮ್ಮ ಕಚೇರಿಗಳ ಮೊಗಸಾಲೆಯಲ್ಲಿ ಕುಂಡದಲ್ಲಿ ಬೆಳೆಸುವ ಅರೆಕಾ ಪಾಮ್. ನಿರಿಗೆ ಮೂಡುವ ಹಂತದಲ್ಲಿ ಅಂಗಾಂಶ ಎಲ್ಲಿಯೂ ಸೀಳುವುದಿಲ್ಲ, ಹೊರಪದರದ ಕೋಶಗಳ ಸಾಲು ಮಡಿಕೆಯ ಆಳದವರೆಗೂ ಎಡೆಬಿಡದೆ ಇರುತ್ತದೆ, ನಿರಿಗೆಗೆ ಅಸಮವಾದ ಬೆಳವಣಿಗೆಯೇ ಕಾರಣ ಎಂದು ಅವರು ತೋರಿಸಿದರು. ಗರಿಗಳು ಬೇರ್ಪಡುವುದು ಅನಂತರದ ಬೇರೆಯೇ ಕ್ರಿಯೆ. ಹಣ್ಣೆಲೆ ಕಳಚಿಕೊಳ್ಳುವ ಕ್ರಿಯೆಗೆ ಅದು ಹತ್ತಿರದ್ದೆಂಬುದನ್ನು 2007ರಲ್ಲಿ ಡೆಂಗ್ಲರ್ ಮತ್ತು ಸಹೋದ್ಯೋಗಿಗಳು ಇನ್ನೊಂದು ಜಾತಿಯ ತಾಳೆಯಲ್ಲಿ ವಿವರಿಸಿದರು. 1991ರಲ್ಲಿ ಕ್ಯಾಪ್ಲನ್, ಜರ್ಮನಿಯ ವೋಲ್ಫ್‌ಗಾಂಗ್ ಹಾಗೆಮಾನ್ನನೊಡನೆ ಬರೆದ ಪ್ರಸಿದ್ಧ ಲೇಖನದಲ್ಲಿ ಹಾಫ್‌ಮೈಸ್ಟರ್, ಸಾಕ್ಸ್, ಡಿ ಬಾರಿಯವರ ಪಕ್ಷವನ್ನು ಮತ್ತೆ ಎತ್ತಿಹಿಡಿದನು.

ಪೆರಿಯಸಾಮಿಯವರ ಹೆಸರನ್ನು ಹೇಳಿದ ಮೇಲೆ ಬಿ.ಜಿ.ಎಲ್. ಸ್ವಾಮಿಯವರನ್ನು (1918–1980) ನೆನೆಯದೆ ಮುಂದೆ ಹೋಗುವಂತಿಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಪ್ರಿನ್ಸಿಪಾಲರಾಗಿದ್ದ ಸ್ವಾಮಿಯವರನ್ನು ಕನ್ನಡಿಗರು ‘ಹಸುರು ಹೊನ್ನು’ವಿನ ಕರ್ತೃವಾಗಿ ಬಲ್ಲರು, ಆ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅವರ ವೈಜ್ಞಾನಿಕ ಕೀರ್ತಿಯ ಮುಖ್ಯ ಆಧಾರಗಳಲ್ಲೊಂದು, ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿಯೊಡನೆ ನಡೆಸಿ 1951ರಲ್ಲಿ ಪ್ರಕಟಿಸಿದ ಕೆಲಸ. ಹೂವಿನ ನಡುವೆ ಅಂಡಕಗಳನ್ನು ಒಳಗಿಟ್ಟುಕೊಂಡಿರುವ ಕಾರ್ಪೆಲ್ ಎಂಬ ಭಾಗ, ನಡುನರದಗುಂಟ ಪುಸ್ತಕದಂತೆ ಮಡಿಚಿದ ಎಲೆಯೆಂದೂ, ಫಿಜಿ ದ್ವೀಪದ ಡಿಜೆನೇರಿಯ ಮೊದಲಾದ ಮರಗಳಲ್ಲಿ ಆ ಮಡಿಕೆ ಇನ್ನೂ ಪೂರ್ತಿ ಬೆಸೆದುಕೊಳ್ಳದ ಸ್ಥಿತಿಯಲ್ಲಿದೆಯೆಂದೂ ಅವರು ವಾದಿಸಿದರು. ಗಯಟೆಯ ಊಹೆಗೆ ಅಂಗರಚನೆಯ ಆಧಾರ ಇಲ್ಲಿ ಸಿಕ್ಕಿದಂತಾಯಿತು. 1956ರಲ್ಲಿ ಪೆರಿಯಸಾಮಿ ಮತ್ತು ಸ್ವಾಮಿ ಕನಾಂಗ ಎಂಬ ಸುಗಂಧಮರದ ಕಾರ್ಪೆಲನ್ನೂ ಇದೇ ದೃಷ್ಟಿಯಿಂದ ಪರಿಶೀಲಿಸಿದರು.

ಈ ಸಿದ್ಧಾಂತ ಇಂದು ಅದೇ ರೂಪದಲ್ಲಿ ಉಳಿದಿಲ್ಲ. 1999ರ ಹೊತ್ತಿಗೆ ಡಿಎನ್‌ಎ ಆಧಾರಿತ ಅಧ್ಯಯನಗಳು ಹೂಗಿಡಗಳ ವಂಶವೃಕ್ಷದಲ್ಲಿ ಮೊಟ್ಟಮೊದಲು ಕವಲೊಡೆದುದು ನ್ಯೂ ಕ್ಯಾಲಿಡೋನಿಯಾದ ಅಂಬೊರೆಲ್ಲ ಎಂಬ ಗಿಡದ ವಂಶವೆಂದು ತೋರಿಸಿದವು. ಅದರ ಕಾರ್ಪೆಲ್ ಮಡಿಚಿದ ಎಲೆಯಂತಿಲ್ಲ, ಚೀಲದಂತಿದೆ. ತಾವರೆ, ಹರಳುಗಳ ಎಲೆಯಲ್ಲಿ ತೊಟ್ಟು ಅಂಚಿಗೆ ಸೇರದೆ ಒಳಭಾಗಕ್ಕೆ ಸೇರಿರುವುದನ್ನು ಎಲ್ಲರೂ ಕಂಡಿದ್ದೇವೆ. ಎಳೆಯ ಎಲೆಯ ಮೇಲ್ಮೈಯಲ್ಲಿ ಒಂದು ಅಡ್ಡ ಏಣು ಬೆಳೆದು ಎರಡು ಅಂಚುಗಳನ್ನೂ ಕೂಡಿಸುವುದರಿಂದ ಹೀಗಾಗುತ್ತದೆ. ಆ ಏಣು ಇನ್ನೂ ಎತ್ತರಕ್ಕೆ ಬೆಳೆದರೆ ಚೀಲ. ಹೀಗೆ ಮಡಿಕೆಗೂ ಚೀಲಕ್ಕೂ ನಡುವಣ ಅಂತರ ಬೆಳವಣಿಗೆ ಎಲ್ಲಿ ಮುಂದುವರಿಯಿತು ಎಂಬಷ್ಟರದು. ಸ್ವಾಮಿಯವರು ಮಡಿಕೆಯನ್ನು ಪ್ರಾಚೀನವೆಂದು ಕರೆದುದು ನಿಲ್ಲದಿರಬಹುದು. ಅವರು ಬರೆದಿಟ್ಟ ಅಂಗರಚನೆಯ ವಿವರಗಳ ಬೆಲೆ ಅದರಿಂದ ತಗ್ಗುವುದಿಲ್ಲ.

ಕೋಶವಿಭಜನೆಯನ್ನೇ ನಿಲ್ಲಿಸಿ ನೋಡುವ ನೇರವಾದ ಪ್ರಯೋಗ 1960ರ ದಶಕದ ಆರಂಭದಲ್ಲಿ ನಡೆಯಿತು. ಅಮೆರಿಕದ ಓಕ್‌ರಿಜ್ ಪ್ರಯೋಗಾಲಯದಲ್ಲಿ ಅಲನ್ ಹೇಬರ್ ಗೋಧಿಯ ಕಾಳುಗಳಿಗೆ ತೀವ್ರವಾದ ಗ್ಯಾಮಾ ವಿಕಿರಣ ಕೊಟ್ಟು ಬಿತ್ತಿದನು. ಕೋಶಗಳು ವಿಭಜನೆಗೊಳ್ಳಲಾರದಾದವು, ಆದರೂ ಮೊಳಕೆಯ ಎಲೆ ನೀಳವಾಗಿಯೇ ಬೆಳೆಯಿತು. ವಿಭಜನೆ ಅನಗತ್ಯವೆಂದು ಇದರಿಂದ ಕೆಲವರು ಸಾರಿದುದು ಆತುರದ ತೀರ್ಮಾನ. ಗೋಧಿಯ ಭ್ರೂಣದಲ್ಲಿ ಆ ಎಲೆಯ ಮೂಲರೂಪ ಮೊದಲೇ ಸಿದ್ಧವಾಗಿರುತ್ತದೆ. ಪ್ರಯೋಗ ಹೇಳಬಲ್ಲುದು ಅದರ ಮುಂದಿನ ಹಿಗ್ಗುವಿಕೆಯ ಬಗ್ಗೆ ಮಾತ್ರ. ಹೆಚ್ಚು ಬಲವಾದ ಸಾಕ್ಷ್ಯ ಬಂದುದು 1990ರ ದಶಕದಲ್ಲಿ. 1995ರಲ್ಲಿ ವಿಭಜನೆಯನ್ನು ನಿಯಂತ್ರಿಸುವ ಜೀನಿಗೆ ತಡೆಯೊಡ್ಡಿ ಬೆಳೆಸಿದ ಹೊಗೆಸೊಪ್ಪಿನಲ್ಲಿ ಕೋಶಗಳು ಕಡಮೆಯಾಗಿ ದೊಡ್ಡವಾದವು, ಗಿಡದ ರೂಪ ಕೆಡಲಿಲ್ಲ. 1996ರಲ್ಲಿ ‘ಟ್ಯಾಂಗಲ್ಡ್’ ಎಂಬ ಉತ್ಪರಿವರ್ತಿತ ಮುಸುಕಿನ ಜೋಳವನ್ನು ವಿವರಿಸಲಾಯಿತು. ಅದರಲ್ಲಿ ಕೋಶಗಳು ಅಡ್ಡಾದಿಡ್ಡಿಯಾಗಿ ಸೀಳುತ್ತವೆ, ಎಲೆ ಮಾತ್ರ ಜೋಳದ ಎಲೆಯಂತೆಯೇ ಇರುತ್ತದೆ. ಜಪಾನಿನ ಹಿರೋಕಜು ತ್ಸುಕಾಯಾ ಮತ್ತು ಸಹೋದ್ಯೋಗಿಗಳು, ಸಾಸಿವೆಯ ಕುಟುಂಬದ ಅರಬಿಡಾಪ್ಸಿಸ್ ಗಿಡದಲ್ಲಿ ಕೋಶಗಳ ಸಂಖ್ಯೆ ತಗ್ಗಿದಾಗ ಒಂದೊಂದು ಕೋಶವೂ ಹಿಗ್ಗಿ ಕೊರತೆಯನ್ನು ಸರಿದೂಗಿಸಲು ತೊಡಗುವುದನ್ನು ವಿಸ್ತಾರವಾಗಿ ಅಧ್ಯಯನ ಮಾಡಿದರು.

ಹಾಗಾದರೆ ವಿಭಜನೆಗೆ ಪಾತ್ರವೇ ಇಲ್ಲವೆ? ಉದ್ಯಾನಗಳಲ್ಲಿ ಬೆಳೆಸುವ ಆಂಟಿರೈನಮ್ ಗಿಡದ ಎರಡು ತಳಿಗಳು ಇಲ್ಲಿ ನೆರವಿಗೆ ಬಂದವು. 1995ರಲ್ಲಿ ವೇಟ್ಸ್ ಮತ್ತು ಹಡ್ಸನ್ ವಿವರಿಸಿದ ‘ಫ್ಯಾಂಟಾಸ್ಟಿಕ’ ತಳಿಯಲ್ಲಿ ಕೆಲವು ಎಲೆಗಳು ಸಸೆಕ್ಸನ ಆಲೂಗೆಡ್ಡೆಯ ಕಡ್ಡಿಗಳಂತೆಯೇ ಇದ್ದವು. ಮೇಲ್ಮೈ ಮತ್ತು ಕೆಳಮೈಯ ಗುಣಗಳು ಒಂದಕ್ಕೊಂದು ತಾಗುವ ಗಡಿಯಲ್ಲಿ ಮಾತ್ರ ಎಲೆಯ ಹಾಳೆ ಚಾಚುತ್ತದೆಂದು ಅವರು ಸೂಚಿಸಿದರು. ಇನ್ನೊಂದು ‘ಸಿನ್ಸಿನೇಟ’. ಇದನ್ನು 2003ರಲ್ಲಿ ಇಂಗ್ಲೆಂಡಿನ ಜಾನ್ ಇನ್ಸ್ ಕೇಂದ್ರದಲ್ಲಿ ಎನ್ರಿಕೊ ಕೋಯೆನ್ ಅವರ ಜೊತೆಗೆ ಅಧ್ಯಯನ ಮಾಡಿದ ಉತ್ಪಲ್ ನಾಥ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಸಂಶೋಧನೆಯನ್ನು ಬೆಳೆಸಿದರು.

ಸಿನ್ಸಿನೇಟದ ಎಲೆ ಸುಕ್ಕುಸುಕ್ಕು. ಲಂಗದ ಅಂಚಿಗೆ ಬೇಕಾದುದಕ್ಕಿಂತ ಹೆಚ್ಚು ಬಟ್ಟೆ ಸೇರಿಸಿದರೆ ಅದು ಅಲೆಯಲೆಯಾಗಿ ಬೀಳುತ್ತದೆ. ಕಡಮೆಯಾದರೆ ಬಟ್ಟಲಿನಂತೆ ಒಳಸರಿಯುತ್ತದೆ. ಎಲೆಯೂ ಹಾಗೆಯೇ. ಅಂಚಿನ ಬೆಳವಣಿಗೆ ಒಳಭಾಗದ ಬೆಳವಣಿಗೆಗೆ ಸರಿಯಾಗಿ ಹೊಂದಿದರೆ ಮಾತ್ರ ಅದು ಚಪ್ಪಟೆಯಾದೀತು. ಆದುದರಿಂದ ಚಪ್ಪಟೆಯಾಗಿರುವುದು ಎಲೆಯ ಸಹಜಸ್ಥಿತಿಯಲ್ಲ, ಸಾಧಿಸಬೇಕಾದ ಸ್ಥಿತಿ. ಎಳೆಯ ಎಲೆಯಲ್ಲಿ ಕೋಶಗಳು ವಿಭಜನೆಯನ್ನು ನಿಲ್ಲಿಸುವುದು ಒಂದು ಅಲೆಯಂತೆ ತುದಿಯಿಂದ ಬುಡದತ್ತ ಸಾಗುತ್ತದೆ. ಸಿನ್ಸಿನೇಟ ಜೀನ್ ಕೋಶಗಳನ್ನು, ವಿಶೇಷವಾಗಿ ಅಂಚಿನವನ್ನು, ಈ ನಿಲುಗಡೆಯ ಸೂಚನೆಗೆ ಕಿವಿಗೊಡುವಂತೆ ಮಾಡುತ್ತದೆ. ಅದು ಕೆಟ್ಟಾಗ ಅಲೆಯ ಆಕಾರವೂ ಗತಿಯೂ ಬದಲಾಗಿ ಅಂಚು ಅತಿಯಾಗಿ ಬೆಳೆಯುತ್ತದೆ. ಏವರಿ ಮಸಿಯ ಚೌಕಗಳಲ್ಲಿ ಕಂಡ ತುದಿಬುಡಗಳ ಭೇದ ಇಲ್ಲಿ ಕೋಶವಿಭಜನೆಯ ಕಾಲಕ್ರಮವಾಗಿ ಅರ್ಥವಾಯಿತು. ವಿಭಜನೆಯ ದಿಕ್ಕು ಗೌಣವಾದರೂ ಅದು ಎಲ್ಲಿ, ಯಾವಾಗ ನಿಲ್ಲುತ್ತದೆಂಬುದು ಗೌಣವಲ್ಲ.

ದಿಕ್ಕು ಗೌಣವೆಂಬ ಮಾತಿಗೂ ಅಪವಾದವಿದೆ. 2015ರಲ್ಲಿ ಜಪಾನಿನ ಫುಕುಶಿಮಾ, ಹಸೆಬೆ ಮೊದಲಾದವರು ಉತ್ತರ 1ಅಮೆರಿಕದ ಸರಸೇನಿಯ ಎಂಬ ಕೀಟಾಹಾರಿ ಗಿಡದ ಹೂಜಿಯಂಥ ಎಲೆಯನ್ನು ಪರಿಶೀಲಿಸಿ, ಎಳೆಯ ಎಲೆಯ ಮೇಲ್ಮೈಯ ಒಂದು ಭಾಗದಲ್ಲಿ ಕೋಶಗಳು ಬೇರೆ ದಿಕ್ಕಿಗೆ ಸೀಳುವುದರಿಂದ ಅಲ್ಲಿ ಏಣೂ ಇನ್ನೊಂದು ಭಾಗದಲ್ಲಿ ಟೊಳ್ಳೂ ಉಂಟಾಗುತ್ತವೆಂದು ತೋರಿಸಿದರು. ಸಾಕ್ಸನ ಪಕ್ಷದವರು ಇದಕ್ಕೂ ಬೆಳವಣಿಗೆಯ ದಿಕ್ಕೇ ಮೂಲವೆನ್ನಬಹುದು. ಆದರೆ ಕೆಲವೇ ಕೋಶಗಳಿರುವ ಹಂತದಲ್ಲಿ ಇವೆರಡನ್ನೂ ಬೇರ್ಪಡಿಸಿ ಮಾತಾಡುವುದು ಕಷ್ಟ ಎಂಬುದು ನಮ್ಮ ಅಭಿಪ್ರಾಯ.

ಅದೇ ವರ್ಷ ಬೆಂಗಳೂರಿನಿಂದ ಬಂದ ಫಲಿತಾಂಶ ಇನ್ನೊಂದು ನಂಬಿಕೆಯನ್ನು ಸಡಿಲಿಸಿತು. ತುದಿ ಮೊದಲು ನಿಂತು ಬುಡ ಕೊನೆಗೆ ನಿಲ್ಲುವುದು ಎಲೆಗಳ ಸಾಮಾನ್ಯ ನಿಯಮವೆಂದು ಪ್ರಯೋಗಾಲಯದ ಕೆಲವೇ ಗಿಡಗಳಿಂದ ತಿಳಿಯಲಾಗಿತ್ತು. ಮೈನಾಕ್ ದಾಸ್‌ಗುಪ್ತ ಮತ್ತು ಉತ್ಪಲ್ ನಾಥ್ ದ್ವಿದಳ ವರ್ಗದ 75 ಜಾತಿಯ ಗಿಡಗಳ ಎಲೆಗಳನ್ನು ಅಳೆದರು. ಕೆಲವು ಬುಡದಲ್ಲಿ ಹೆಚ್ಚು ಬೆಳೆಯುತ್ತಿದ್ದವು, ಕೆಲವು ತುದಿಯಲ್ಲಿ, ಕೆಲವು ನಡುವೆ, ಕೆಲವು ಎಲ್ಲೆಡೆಯೂ ಒಂದೇ ಸಮನೆ. ಈ ಭೇದಗಳಿಗೆ ಎಂಐಆರ್ 396 ಎಂಬ ಪುಟ್ಟ ಆರ್‌ಎನ್‌ಎ ಎಲೆಯಲ್ಲಿ ಹರಡಿರುವ ಕ್ರಮ ನಿಕಟವಾಗಿ ಹೊಂದುತ್ತಿತ್ತು. ಅರಬಿಡಾಪ್ಸಿಸ್ ಗಿಡದಲ್ಲಿ ಆ ಕ್ರಮವನ್ನು ಬದಲಾಯಿಸಿ ನೋಡಿದಾಗ ಕೋಶಗಳು ಹಿಗ್ಗುವ ವಿನ್ಯಾಸ ಭಾಗಶಃ ಮಾತ್ರ ಬದಲಾಯಿತು.